ಹಾಯಿ, ಹಗ್ಗ, ಗಂಟು: ಮಂಗಳೂರಿನ ಮಂಜಿಯವರ ಕಡಲ ವಿದ್ಯೆ

ಬಿಡಿಸಲಾಗದ ಸಮಸ್ಯೆಗೆ ಕನ್ನಡದಲ್ಲಿ ‘ಕಗ್ಗಂಟು’ ಅಂತ ಹೇಳ್ತಾರೆ. ಹಾಯಿ ಹಡಗಿನಲ್ಲಿ ದುಡಿದವರ ಲೆಕ್ಕದಲ್ಲಿ ಬಿಚ್ಚಲಾಗದ ಗಂಟು ಗಂಟೇ ಅಲ್ಲ, ಅದು ತಪ್ಪು. ಬೇಕಾದಷ್ಟು ಹೊತ್ತು ಜಾರದೆ ಹಿಡಿಯಬೇಕು. ಬಿಚ್ಚಬೇಕಾದಾಗ ಒದ್ದೆ ಕೈಯಲ್ಲೂ, ಕತ್ತಲೆಯಲ್ಲೂ ಬಿಚ್ಚಿ ಬರಬೇಕು. ನಾವಿಕನ ಗಂಟಿನ ಗುಣ ಇಷ್ಟೇ. ಕೇಳಲು ಸುಲಭ, ಆದರೆ ಈ ಎರಡರಲ್ಲಿ ಒಂದು ತಪ್ಪಿದರೂ ಹಾಯಿ ಹರಿಯುತ್ತದೆ, ಲಂಗರು ಕಳೆದುಹೋಗುತ್ತದೆ, ಕೆಲವೊಮ್ಮೆ ಜೀವವೇ ಹೋಗುತ್ತದೆ.

ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೂ, ಪಶ್ಚಿಮ ಕರಾವಳಿಯ ಉದ್ದಕ್ಕೂ ಓಡಿದ ಮಂಜಿ, ಪತ್ತೇಮಾರಿಗಳಲ್ಲಿ ಈ ವಿದ್ಯೆ ಪುಸ್ತಕದಿಂದ ಬಂದದ್ದಲ್ಲ. ಹಿರಿಯ ಖಲಾಸಿಯ ಕೈ ನೋಡಿ ಕಿರಿಯ ಖಲಾಸಿ ಕಲಿತದ್ದು. ಇಂಜಿನ್ ಬಂದು ಹಾಯಿ ಇಳಿದ ಮೇಲೆ ಆ ಕಲಿಕೆಯ ಸರಪಳಿ ಸಡಿಲವಾಗಿದೆ. ಹಾಗಂತ ಗಂಟಿನ ಅಗತ್ಯ ಕಡಿಮೆಯಾಗಿಲ್ಲ. ಮೀನುಗಾರಿಕಾ ದೋಣಿ, ಮರ್ಚೆಂಟ್ ನೇವಿ, ಲಾರಿ, ನೆರೆ ಬಂದಾಗಿನ ರಕ್ಷಣಾ ಕೆಲಸ, ಎಲ್ಲ ಕಡೆಯೂ ಅದೇ ಹಗ್ಗ, ಅದೇ ಗಂಟು.

ಬಂದರಿನ ಹಳೆಯ ಹಾದಿ

ಮಂಗಳೂರಿನ ಕಡಲ ವ್ಯಾಪಾರ ಬಹಳ ಹಿಂದಿನದು. 12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಹಲವು ವರ್ಷ ಇಲ್ಲೇ ನೆಲೆಸಿ ಏಡನ್ ಜೊತೆ ವ್ಯಾಪಾರ ಮಾಡಿದ್ದ. ಅವನ ಪತ್ರಗಳು ಈಜಿಪ್ಟಿನ ಕೈರೋದಲ್ಲಿ ಸಿಕ್ಕಿವೆ. 14ನೇ ಶತಮಾನದಲ್ಲಿ ಬಂದ ಪ್ರವಾಸಿ ಇಬ್ನ್ ಬತೂತ, ಇಲ್ಲಿ ಸುಮಾರು 4,000 ಮುಸ್ಲಿಮರು ಇದ್ದರೆಂದೂ ಫಾರ್ಸ್ ಮತ್ತು ಯೆಮನ್ನಿನ ವ್ಯಾಪಾರಿಗಳು ಇಲ್ಲಿ ಬಂದಿಳಿಯುತ್ತಿದ್ದರೆಂದೂ ಬರೆದಿದ್ದಾನೆ. ‘ಬ್ಯಾರಿ’ ಎಂಬ ಹೆಸರು ‘ಬ್ಯಾರ’, ಅಂದರೆ ವ್ಯಾಪಾರ ಎಂಬ ಮಾತಿನಿಂದ ಬಂತು ಎಂಬ ವಿವರಣೆಗೆ ಹಿನ್ನೆಲೆಯೂ ಈ ಬಂದರೇ.

ಲಕ್ಷದ್ವೀಪದ ಜೊತೆಗಿನ ನಂಟು ಇನ್ನೂ ಹತ್ತಿರದ್ದು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ – ಈ ಐದು ಅಮಿನಿದಿವಿ ದ್ವೀಪಗಳು 1787ರಲ್ಲಿ ಟಿಪ್ಪು ಸುಲ್ತಾನರ ಆಡಳಿತಕ್ಕೆ ಬಂದವು. 1799ರಲ್ಲಿ ಬ್ರಿಟಿಷರ ಕೈ ಸೇರಿ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾದವು. 1956ರ ನವೆಂಬರ್ 1ರಂದು ಕೇಂದ್ರಾಡಳಿತ ಪ್ರದೇಶ ಆಗುವ ತನಕ ಆ ದ್ವೀಪದವರ ಜಿಲ್ಲಾ ಕೇಂದ್ರ ಮಂಗಳೂರೇ. ದ್ವೀಪದ ತೆಂಗಿನ ನಾರಿನ ಮೇಲೆ ಸರಕಾರದ ಏಕಸ್ವಾಮ್ಯ ಇದ್ದ ಕಾಲದಲ್ಲಿ ಅಲ್ಲಿನವರು ನಾರು ತಂದು ಮಂಗಳೂರಿನಲ್ಲಿ ಒಪ್ಪಿಸಿ ಅಕ್ಕಿ ಪಡೆಯುತ್ತಿದ್ದರು. ಇಲ್ಲಿಂದ ಅಕ್ಕಿ, ಬೆಲ್ಲ, ಹೆಂಚು, ತರಕಾರಿ, ಕಟ್ಟಡ ಸಾಮಗ್ರಿ ಹೋಗುತ್ತಿತ್ತು. ಅಲ್ಲಿಂದ ನಾರು, ಕೊಬ್ಬರಿ, ಒಣಮೀನು ಬರುತ್ತಿತ್ತು. ಬಾಸೆಲ್ ಮಿಷನ್ 1865ರಲ್ಲಿ ಜೆಪ್ಪುವಿನಲ್ಲಿ ಕಾರ್ಖಾನೆ ಶುರು ಮಾಡಿದ ಮೇಲೆ ಮಂಗಳೂರು ಹೆಂಚು ದೂರದ ಬಂದರುಗಳಿಗೆ ಹೋದದ್ದೂ ಹಾಯಿ ಹಡಗುಗಳಲ್ಲೇ.

1970ರ ದಶಕದಲ್ಲಿ ಪಣಂಬೂರಿನಲ್ಲಿ ನವಮಂಗಳೂರು ಬಂದರು ಬಂತು. ದೊಡ್ಡ ಹಡಗುಗಳು ಅಲ್ಲಿಗೆ ಹೋದವು. ಹಳೆ ಬಂದರಿನ ಧಕ್ಕೆಯಲ್ಲಿ ಮಂಜಿಗಳು ಉಳಿದವು. ಆದರೆ ಮಂಜಿಗೂ ಇಂಜಿನ್ ಬಂತು, ಹಾಯಿ ಮೊದಲು ಸಹಾಯಕ್ಕೆ, ಆಮೇಲೆ ಹೆಸರಿಗೆ ಅಂತಾಯಿತು.

ಮಂಜಿಯ ಮೇಲಿನ ಬದುಕು

ಮಂಜಿಯ ವರ್ಷ ಮಳೆಯಿಂದ ಮಳೆಗೆ. ಮೇ ತಿಂಗಳ ಮಧ್ಯಕ್ಕೆ ಓಡಾಟ ನಿಲ್ಲುತ್ತದೆ, ಸೆಪ್ಟೆಂಬರ್ ಮಧ್ಯಕ್ಕೆ ಮತ್ತೆ ಶುರು. ನಡುವಿನ ನಾಲ್ಕು ತಿಂಗಳು ಮಂಜಿ ದಡದಲ್ಲಿ. ಹಲಗೆ ಸಂದಿಗೆ ಹತ್ತಿ, ನಾರು ತುರುಕಿ, ಎಣ್ಣೆ ಬಳಿದು, ಹಾಯಿ ಹೊಲಿದು, ಹಗ್ಗ ಹೊಸೆದು ಮುಂದಿನ ಸೀಸನ್ನಿಗೆ ತಯಾರಿ. ಕಡಲಿಗೆ ಹೋಗದ ಈ ತಿಂಗಳುಗಳಲ್ಲೇ ಹುಡುಗರು ಗಂಟು ಕಲಿಯುತ್ತಿದ್ದದ್ದು. ಕೆಲಸ ನಿಧಾನ, ಹಿರಿಯರು ಪಕ್ಕದಲ್ಲೇ, ಹಗ್ಗ ಕೈಯಲ್ಲೇ.

ಹಡಗಿನ ಮುಖ್ಯಸ್ಥ ನಾಖುದಾ. ಅವನ ಕೆಳಗೆ ಸಾರಂಗ ಅಥವಾ ತಾಂಡೇಲ, ಮತ್ತೆ ಖಲಾಸಿಗಳು, ಅಡುಗೆಗೆ ಭಂಡಾರಿ. ಹೊಸಬ ಹೆಚ್ಚಾಗಿ ಭಂಡಾರಿಯ ಕೈಕೆಳಗೆ ಸೇರುತ್ತಿದ್ದ. ಅನ್ನ ಬೇಯಿಸುತ್ತಾ, ನೀರು ಅಳೆದು ಕೊಡುತ್ತಾ ಕಡಲಿನ ಕೆಲಸ ಕಲಿಯುವುದು. ಒಲೆ ಮರಳು ತುಂಬಿದ ಪೆಟ್ಟಿಗೆಯ ಮೇಲೆ. ಮರದ ಹಡಗಿನಲ್ಲಿ ಬೆಂಕಿಗಿಂತ ದೊಡ್ಡ ಹೆದರಿಕೆ ಇಲ್ಲ. ಕುಡಿಯುವ ನೀರು ಲೆಕ್ಕದ್ದು. ಸ್ನಾನ, ಬಟ್ಟೆ ಎಲ್ಲ ಉಪ್ಪು ನೀರಿನಲ್ಲೇ. ಮಲಗುವುದು ಸರಕಿನ ಮೇಲೆ, ಆಕಾಶದ ಕೆಳಗೆ.

ರಾತ್ರಿ ಪಾಳಿಯಲ್ಲಿ ಒಬ್ಬ ಚುಕ್ಕಾಣಿ ಹಿಡಿದರೆ ಒಬ್ಬ ಹಾಯಿ ನೋಡಬೇಕು. ಗಾಳಿ ತಿರುಗಿದರೆ ಎಲ್ಲರೂ ಏಳಬೇಕು. ಆಗ ಯಾವ ಹಗ್ಗ ಎಲ್ಲಿದೆ, ಯಾವುದನ್ನು ಯಾವ ಗಂಟಿನಲ್ಲಿ ಕಟ್ಟಿದೆ ಎಂಬುದು ಕಣ್ಣಿಗೆ ಕಾಣುವುದಿಲ್ಲ, ಕೈಗೆ ಗೊತ್ತಿರಬೇಕು. ಅದಕ್ಕೇ ಒಂದು ಕೆಲಸಕ್ಕೆ ಎಲ್ಲರೂ ಒಂದೇ ಗಂಟು ಹಾಕಬೇಕೆಂಬ ಶಿಸ್ತು. ಒಬ್ಬ ಕಟ್ಟಿದ್ದನ್ನು ಇನ್ನೊಬ್ಬ ಕತ್ತಲೆಯಲ್ಲಿ ಬಿಚ್ಚಬೇಕಲ್ಲ!

ದಾರದ ಗಂಟಿನಲ್ಲಿ ದಾರಿ

ಕಡಲಿನಲ್ಲಿ ಗಂಟು ಕಟ್ಟುವುದಕ್ಕೆ ಮಾತ್ರ ಅಲ್ಲ, ದಾರಿ ಅಳೆಯುವುದಕ್ಕೂ ಬಳಕೆಯಲ್ಲಿತ್ತು. ಅರಬ್ ನಾವಿಕರ ‘ಕಮಾಲ್’ ಎಂಬ ಸಾಧನ ಇದಕ್ಕೆ ಒಳ್ಳೆಯ ಉದಾಹರಣೆ. ತಮಿಳಿನಲ್ಲಿ ಇದನ್ನು ‘ರಾಪ್ಪಲಗೈ’, ಅಂದರೆ ರಾತ್ರಿ ಹಲಗೆ ಅಂತ ಹೇಳ್ತಾರೆ. ಒಂದು ಸಣ್ಣ ಆಯತಾಕಾರದ ಮರದ ಹಲಗೆ, ಅದರ ನಡುವಿನಿಂದ ಒಂದು ದಾರ, ದಾರದಲ್ಲಿ ಗಂಟುಗಳು. ಒಂದು ಗಂಟನ್ನು ಹಲ್ಲಿನಲ್ಲಿ ಕಚ್ಚಿ, ದಾರ ಬಿಗಿಯಾಗುವಷ್ಟು ದೂರಕ್ಕೆ ಹಲಗೆ ಹಿಡಿಯಬೇಕು. ಹಲಗೆಯ ಕೆಳ ಅಂಚು ದಿಗಂತಕ್ಕೂ ಮೇಲಂಚು ಧ್ರುವ ನಕ್ಷತ್ರಕ್ಕೂ ಸರಿಯಾಗಿ ಕೂತರೆ, ಆ ಗಂಟು ನಕ್ಷತ್ರದ ಎತ್ತರ ಹೇಳುತ್ತದೆ. ಬೇರೆ ಬೇರೆ ಬಂದರಿಗೆ ಬೇರೆ ಬೇರೆ ಗಂಟು ಹಾಕಿಕೊಳ್ಳುವ ಕ್ರಮವೂ ಇತ್ತು.

ಎತ್ತರದ ಅಳತೆ ‘ಇಸ್ಬಾ’, ಅಂದರೆ ಬೆರಳು. ಒಂದು ಇಸ್ಬಾ ಸುಮಾರು 1.6 ಡಿಗ್ರಿ. ಮಂಗಳೂರಿನ ಅಕ್ಷಾಂಶ 13 ಡಿಗ್ರಿಗೆ ಸ್ವಲ್ಪ ಕಡಿಮೆ, ಅಮಿನಿಯದ್ದು 11 ಡಿಗ್ರಿಗೆ ಸ್ವಲ್ಪ ಹೆಚ್ಚು. ಅಂದರೆ ಅಮಿನಿಯ ಆಕಾಶದಲ್ಲಿ ಧ್ರುವ ನಕ್ಷತ್ರ ಇಲ್ಲಿಗಿಂತ ಒಂದು ಬೆರಳಿಗಿಂತ ಸ್ವಲ್ಪ ಜಾಸ್ತಿ ಕೆಳಗೆ. ಆ ಗಂಟಿನ ಎತ್ತರಕ್ಕೆ ಬರುವ ತನಕ ತೆಂಕಕ್ಕೆ ಇಳಿದು, ಆಮೇಲೆ ಅದೇ ಎತ್ತರ ಕಾಯ್ದುಕೊಂಡು ಪಡುವಣಕ್ಕೆ ಹೋದರೆ ದ್ವೀಪ ಸಿಗುತ್ತದೆ. ಇದು ಆಟವಲ್ಲ. ಲಕ್ಷದ್ವೀಪದ ನೆಲ ಕಡಲಮಟ್ಟದಿಂದ ಕೆಲವೇ ಮೀಟರ್ ಎತ್ತರ. ತೆಂಗಿನ ತಲೆ ಕಾಣುವುದೇ 10–12 ನಾಟಿಕಲ್ ಮೈಲು ಹತ್ತಿರ ಬಂದ ಮೇಲೆ. ಒಂದು ಗಂಟು ತಪ್ಪಿದರೆ ದ್ವೀಪ ತಪ್ಪಿತು, ಮುಂದೆ ಬರೀ ನೀರು. ದ್ವೀಪಗಳ ಮಾಲ್ಮಿಗಳು, ಅಂದರೆ ದಾರಿ ಬಲ್ಲ ನಾವಿಕರು, ‘ರಹ್ಮಾನಿ’ ಎಂಬ ಕೈಪಿಡಿಗಳಲ್ಲಿ ಇಂಥ ಲೆಕ್ಕಗಳನ್ನು ಬರೆದಿಟ್ಟುಕೊಳ್ಳುತ್ತಿದ್ದರು.

ಹಡಗಿನ ವೇಗವನ್ನು ಇವತ್ತಿಗೂ ‘ನಾಟ್’ ಅಂತ ಅಳೆಯುವುದು ಹಗ್ಗದ ಗಂಟಿನಿಂದಲೇ ಬಂದದ್ದು. ಯುರೋಪಿನ ನಾವಿಕರು ಮರದ ತುಂಡು ಕಟ್ಟಿದ ಹಗ್ಗವನ್ನು ಹಡಗಿನ ಹಿಂದೆ ಬಿಡುತ್ತಿದ್ದರು. ಹಗ್ಗದಲ್ಲಿ ಸುಮಾರು 14.4 ಮೀಟರಿಗೆ ಒಂದು ಗಂಟು. 28 ಸೆಕೆಂಡಿನ ಮರಳು ಗಡಿಯಾರ ಖಾಲಿಯಾಗುವಾಗ ಎಷ್ಟು ಗಂಟು ಕೈಯಿಂದ ಜಾರಿತೋ ಅಷ್ಟು ವೇಗ. ಒಂದು ನಾಟ್ ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲು, 1.852 ಕಿ.ಮೀ. ಮಂಗಳೂರಿನಿಂದ ಅಮಿನಿಗೆ ನೇರ ದೂರ ಸುಮಾರು 160 ನಾಟಿಕಲ್ ಮೈಲು. ನಾಲ್ಕು ನಾಟ್ ವೇಗ ಸಿಕ್ಕಿದರೆ 40 ಗಂಟೆ. ಗಾಳಿ ಬಿದ್ದರೆ ಲೆಕ್ಕವೇ ಇಲ್ಲ.

ಹಗ್ಗದ ಗುಣ ತಿಳಿಯದೆ ಗಂಟು ಇಲ್ಲ

ತೆಂಗಿನ ನಾರಿನ ಹಗ್ಗ ಉಪ್ಪು ನೀರಿಗೆ ಬೇಗ ಕೊಳೆಯುವುದಿಲ್ಲ, ನೀರಿನಲ್ಲಿ ತೇಲುತ್ತದೆ, ಎಳೆದಾಗ ಹಿಗ್ಗುತ್ತದೆ. ಒರಟಾದ್ದರಿಂದ ಗಂಟು ಚೆನ್ನಾಗಿ ಹಿಡಿಯುತ್ತದೆ. ಇದೇ ನಾರಿನಿಂದ ಮೊಳೆಯಿಲ್ಲದೆ ಹಲಗೆ ಹೊಲಿದು ಹಡಗು ಕಟ್ಟುವ ಪದ್ಧತಿ ಅರಬ್ಬೀ ಸಮುದ್ರದಲ್ಲಿ ನೂರಾರು ವರ್ಷ ಇತ್ತು. 1980ರಲ್ಲಿ ಟಿಮ್ ಸೆವೆರಿನ್ ಎಂಬ ಸಾಹಸಿ ಒಮಾನಿನಿಂದ ಚೀನಾಕ್ಕೆ ಹೋದ ‘ಸೊಹಾರ್’ ಹಡಗನ್ನು ಹೊಲಿದವರಲ್ಲಿ ಲಕ್ಷದ್ವೀಪದ ಕೆಲಸಗಾರರಿದ್ದರು.

ಇವತ್ತಿನ ಹಗ್ಗ ಬೇರೆ. ನೈಲಾನ್ ಬಲವಾದ್ದು, ತುಂಬ ಹಿಗ್ಗುತ್ತದೆ, ಲಂಗರಿಗೆ ಒಳ್ಳೆಯದು. ಪಾಲಿಯೆಸ್ಟರ್ ಕಡಿಮೆ ಹಿಗ್ಗುತ್ತದೆ. ಹಾಯಿ ಎಳೆಯಲು ಒಳ್ಳೆಯದು. ಪಾಲಿಪ್ರೊಪಿಲೀನ್ ಅಗ್ಗ, ತೇಲುತ್ತದೆ, ಆದರೆ ಬಿಸಿಲಿಗೆ ಪುಡಿಯಾಗುತ್ತದೆ. ಡೈನೀಮಾದಂಥ ಹೊಸ ಹಗ್ಗ ಉಕ್ಕಿನಷ್ಟು ಗಟ್ಟಿ, ಆದರೆ ನುಣುಪು. ನಾರು ಹಗ್ಗದಲ್ಲಿ ಹಿಡಿದ ಗಂಟು ಇದರಲ್ಲಿ ಜಾರಿ ಹೋದೀತು. ಇನ್ನೊಂದು ಮಾತು: ಯಾವ ಗಂಟು ಹಾಕಿದರೂ ಹಗ್ಗದ ಬಲ ಕುಂದುತ್ತದೆ. ಅರ್ಧದಷ್ಟು ಹೋಯಿತು ಅಂತ ಲೆಕ್ಕ ಇಟ್ಟುಕೊಳ್ಳುವುದು ಕ್ಷೇಮ. ಎಳೆ ಬಿಚ್ಚಿ ಹೆಣೆಯುವ ಹೆಣಿಗೆಯಲ್ಲಿ ನಷ್ಟ ಬಹಳ ಕಡಿಮೆ. ಕಾಯಂ ಕೆಲಸಕ್ಕೆ ಹೆಣಿಗೆ, ಬಿಚ್ಚಿ ಕಟ್ಟುವ ಕೆಲಸಕ್ಕೆ ಗಂಟು.

ಕಲಿಯಬೇಕಾದ ಎಂಟು ಗಂಟುಗಳು

ಅಮೆರಿಕದ ಕ್ಲಿಫರ್ಡ್ ಆಶ್ಲಿ 1944ರಲ್ಲಿ ಪ್ರಕಟಿಸಿದ ಗಂಟುಗಳ ಪುಸ್ತಕದಲ್ಲಿ 3,800ಕ್ಕೂ ಹೆಚ್ಚು ನಮೂದುಗಳಿವೆ. ಅಷ್ಟೆಲ್ಲ ಬೇಡ. ಎಂಟು ಗಂಟು ಕಣ್ಣು ಮುಚ್ಚಿ ಹಾಕಲು ಬಂದರೆ ದೋಣಿಯ ಹೆಚ್ಚಿನ ಕೆಲಸ ಆಗ್ತದೆ. ಮುಂದಿನ ವಿವರಣೆಯಲ್ಲಿ ‘ತುದಿ’ ಅಂದರೆ ಕೈಯಲ್ಲಿ ಆಡುವ ಕೊನೆ, ‘ಮೂಲ’ ಅಂದರೆ ಭಾರ ಬೀಳುವ ಕಡೆಯ ಹಗ್ಗ.

1. ಬೋಲೈನ್. ಜೀರದ ಕುಣಿಕೆ. ಮೂಲದಲ್ಲಿ ಬಳೆಯಷ್ಟು ದೊಡ್ಡ ಸುತ್ತು ಮಾಡಿ, ತುದಿಯ ಕಡೆಯ ಹಗ್ಗ ಮೇಲೆ ಬರಲಿ. ತುದಿಯನ್ನು ಸುತ್ತಿನ ಅಡಿಯಿಂದ ಮೇಲಕ್ಕೆ ತಂದು, ಮೂಲದ ಹಿಂದಿನಿಂದ ಸುತ್ತಿಸಿ, ಮತ್ತೆ ಅದೇ ಸುತ್ತಿನೊಳಗೆ ಇಳಿಸಿ ಬಿಗಿಯಬೇಕು. ಮಕ್ಕಳಿಗೆ ಹೇಳಿಕೊಡುವುದು ಹೀಗೆ: ಬಾವಿಯಿಂದ ಮೊಲ ಮೇಲೆ ಬಂತು, ಮರಕ್ಕೆ ಸುತ್ತು ಹಾಕಿತು, ಮತ್ತೆ ಬಾವಿಗೆ ಇಳಿಯಿತು. ಎಷ್ಟು ಎಳೆದರೂ ಕುಣಿಕೆ ಸಣ್ಣದಾಗುವುದಿಲ್ಲ, ಎಳೆತ ನಿಂತ ಮೇಲೆ ಸುಲಭವಾಗಿ ಬಿಚ್ಚುತ್ತದೆ. ನೀರಿಗೆ ಬಿದ್ದವರ ಎದೆಗೆ ಕಟ್ಟಿ ಎಳೆಯಲು ಇದೇ ಬೇಕು. ಜೀರುಗುಣಿಕೆ ಹಾಕಿದರೆ ಅದು ಬಿಗಿದು ಉಸಿರು ಕಟ್ಟಿಸುತ್ತದೆ. ಒಂದು ಮಿತಿ: ಭಾರ ಇರುವಾಗ ಬೋಲೈನ್ ಬಿಚ್ಚಲಾಗುವುದಿಲ್ಲ. ತುದಿಯನ್ನು ಹಗ್ಗದ ದಪ್ಪದ ಹತ್ತು ಹನ್ನೆರಡು ಪಟ್ಟು ಉದ್ದ ಬಿಡಬೇಕು.

2. ಒಂದು ಪೂರ್ತಿ ಸುತ್ತು, ಎರಡು ಅರೆಗಂಟು. ಕಂಬಕ್ಕೆ ಅಥವಾ ಬಳೆಗೆ ಹಗ್ಗವನ್ನು ಎರಡು ಸಲ ಸುತ್ತಿಸಿ, ತುದಿಯಿಂದ ಮೂಲದ ಮೇಲೆ ಒಂದೇ ದಿಕ್ಕಿನಲ್ಲಿ ಎರಡು ಅರೆಗಂಟು. ಭಾರದ ಹೆಚ್ಚಿನ ಪಾಲು ಸುತ್ತೇ ಹೊರುತ್ತದೆ. ಅದಕ್ಕೇ ದೋಣಿ ಎಳೆಯುತ್ತಿರುವಾಗಲೂ ಇದನ್ನು ಕಟ್ಟಬಹುದು, ಬಿಚ್ಚಬಹುದು. ಧಕ್ಕೆಗೆ ದೋಣಿ ಕಟ್ಟಲು ಒಂದೇ ಗಂಟು ಗೊತ್ತಿರಬೇಕು ಅಂತಾದರೆ ಇದೇ ಇರಲಿ.

3. ಕ್ಲೋವ್ ಹಿಚ್. ಕಂಬಕ್ಕೆ ಒಂದು ಸುತ್ತು, ಎರಡನೇ ಸುತ್ತು ಮೊದಲಿನದ್ದನ್ನು ಅಡ್ಡ ದಾಟಿ, ತುದಿ ಆ ಅಡ್ಡ ಹಗ್ಗದ ಅಡಿಗೆ. ಐದು ಸೆಕೆಂಡಿನ ಕೆಲಸ. ಆದರೆ ಎಳೆತ ಒಂದೇ ಸಮ ಇಲ್ಲದಿದ್ದರೆ, ಕಂಬ ತಿರುಗುತ್ತಿದ್ದರೆ ಸಡಿಲವಾಗುತ್ತದೆ. ರಾತ್ರಿ ಪೂರ್ತಿ ದೋಣಿ ಬಿಟ್ಟು ಹೋಗುವುದಾದರೆ ಇದರ ಮೇಲೆ ಎರಡು ಅರೆಗಂಟು ಬೀಳಲೇಬೇಕು.

4. ಎಂಟರ ಗಂಟು. ಅಂಕೆ 8ರ ಆಕಾರ. ತುದಿಯನ್ನು ಮೂಲಕ್ಕೆ ಒಂದು ಸುತ್ತು ಸುತ್ತಿಸಿ ಮೊದಲ ಕುಣಿಕೆಯೊಳಗೆ ಇಳಿಸಿದರೆ ಆಯಿತು. ಹಗ್ಗ ರಾಟೆಯಿಂದ ಜಾರಿ ಹೋಗದ ಹಾಗೆ ತುದಿಗೆ ಹಾಕುವ ತಡೆಗಂಟು. ಮಾಮೂಲಿ ಗಂಟಿನ ಹಾಗೆ ಕಗ್ಗಂಟಾಗುವುದಿಲ್ಲ. ಹಗ್ಗವನ್ನು ಮಡಚಿ ಇದೇ ಗಂಟು ಹಾಕಿದರೆ ಗಟ್ಟಿ ಕುಣಿಕೆ ಆಗ್ತದೆ.

5. ಶೀಟ್ ಬೆಂಡ್. ದಪ್ಪ ಹಗ್ಗಕ್ಕೂ ತೆಳು ಹಗ್ಗಕ್ಕೂ ಜೋಡಣೆ. ದಪ್ಪ ಹಗ್ಗದ ತುದಿ ಮಡಚಬೇಕು. ತೆಳುವನ್ನು ಮಡಿಕೆಯೊಳಗಿನಿಂದ ಮೇಲೆ ತಂದು, ಎರಡೂ ಕಾಲುಗಳ ಹಿಂದೆ ಸುತ್ತಿಸಿ, ತನ್ನದೇ ಅಡಿಯಲ್ಲಿ ಸಿಕ್ಕಿಸಬೇಕು. ನುಣುಪು ಹಗ್ಗಕ್ಕೆ ಎರಡು ಸುತ್ತು. ಮೀನಿನ ಬಲೆ ಹೆಣೆಯುವವರಿಗೆ ಇದು ಹೊಸತಲ್ಲ, ಕೈಬಲೆಯ ಕಣ್ಣುಗಳನ್ನು ಹಿಡಿದಿಡುವುದು ಇದೇ ಗಂಟು. ಬೋಲೈನಿನ ರಚನೆಯೂ ಇದೇ, ಒಂದು ಬಂದರೆ ಇನ್ನೊಂದು ಬಂದ ಹಾಗೆ.

6. ರೀಫ್ ಗಂಟು. ಬಲ ಎಡದ ಮೇಲೆ, ಆಮೇಲೆ ಎಡ ಬಲದ ಮೇಲೆ. ಗಾಳಿ ಜೋರಾದಾಗ ಹಾಯಿಯ ಒಂದು ಭಾಗ ಮಡಚಿ ಕಟ್ಟಲು ಹುಟ್ಟಿದ ಗಂಟು. ಗಾಯಕ್ಕೆ ಬ್ಯಾಂಡೇಜ್ ಕಟ್ಟಲೂ ಒಳ್ಳೆಯದು. ಎರಡು ಸಲವೂ ಒಂದೇ ಕಡೆಗೆ ಹಾಕಿದರೆ ಜಾರುವ ಸುಳ್ಳು ಗಂಟು. ಎರಡು ಹಗ್ಗ ಸೇರಿಸಿ ಭಾರ ಎಳೆಯಲು ರೀಫ್ ಗಂಟು ಬಳಸಲೇಬಾರದು. ಒಂದು ತುದಿ ಎಳೆದರೆ ಅದು ತಿರುಗಿ ಬಿಚ್ಚಿಕೊಳ್ಳುತ್ತದೆ. ಬೇರೆ ಅರ್ಧ ಡಜನ್ ಗಂಟುಗಳಿಗಿಂತ ಈ ಒಂದರ ದುರ್ಬಳಕೆಯಿಂದ ಹೋದ ಜೀವಗಳೇ ಹೆಚ್ಚು ಅಂತ ಆಶ್ಲಿಯೇ ಎಚ್ಚರಿಸಿದ್ದಾರೆ.

7. ರೋಲಿಂಗ್ ಹಿಚ್. ಒಂದು ಹಗ್ಗವನ್ನು ಇನ್ನೊಂದು ಬಿಗಿದ ಹಗ್ಗದ ಉದ್ದಕ್ಕೆ ಎಳೆಯಲು. ಎಳೆತ ಯಾವ ಕಡೆಗೋ ಆ ಕಡೆಗೆ ಎರಡು ಸುತ್ತು, ಮತ್ತೆ ಅಡ್ಡ ದಾಟಿ ಆಚೆ ಕಡೆ ಒಂದು ಅರೆಗಂಟು. ಒಂದು ಹಗ್ಗ ರಾಟೆಯಲ್ಲೋ ಗೂಟದಲ್ಲೋ ಸಿಕ್ಕಿಬಿದ್ದರೆ, ಅದರ ಮುಂದೆ ಈ ಗಂಟು ಹಾಕಿ ಭಾರವನ್ನು ಬೇರೆ ಹಗ್ಗಕ್ಕೆ ವರ್ಗಾಯಿಸಿ ಸಿಕ್ಕು ಬಿಡಿಸಬಹುದು. ಕತ್ತಿ ತೆಗೆದು ಹಗ್ಗ ಕಡಿಯುವ ಮೊದಲು ನೆನಪಾಗಬೇಕಾದ ಗಂಟು.

8. ಲಂಗರಿನ ಗಂಟು. ಲಂಗರಿನ ಬಳೆಗೆ ಎರಡು ಸುತ್ತು, ತುದಿಯನ್ನು ಆ ಎರಡೂ ಸುತ್ತಿನೊಳಗೆ ತೂರಿಸಿ ಒಂದು ಅರೆಗಂಟು, ಅದರ ಮೇಲೆ ಇನ್ನೊಂದು. ತುದಿಯನ್ನು ಸಣ್ಣ ದಾರದಿಂದ ಮೂಲಕ್ಕೆ ಬಿಗಿದು ಕಟ್ಟಬೇಕು. ಒದ್ದೆಯಾದಾಗಲೂ ಜಾರುವುದಿಲ್ಲ. ಲಂಗರು ಬಿಡುವ ಮೊದಲು ಹಗ್ಗದ ಇನ್ನೊಂದು ತುದಿ ದೋಣಿಗೆ ಕಟ್ಟಿದೆಯೇ ಅಂತ ನೋಡುವುದು ಗಂಟಿನಷ್ಟೇ ಮುಖ್ಯ.

ಇವುಗಳ ಜೊತೆ ಕ್ಲೀಟಿಗೆ ಹಗ್ಗ ಹಾಕುವ ಕ್ರಮವೂ ಗೊತ್ತಿರಬೇಕು. ಮೊದಲು ದೂರದ ಕೊಂಬಿನಿಂದ ಶುರು ಮಾಡಿ ಬುಡಕ್ಕೆ ಒಂದು ಪೂರ್ತಿ ಸುತ್ತು, ಆಮೇಲೆ ಎರಡು ಸಲ ಅಡ್ಡಡ್ಡ 8, ಕೊನೆಗೆ ತಿರುಚಿದ ಒಂದು ಬೀಗದ ಸುತ್ತು. ಬೀಗದ ಸುತ್ತು ಮೊದಲೇ ಹಾಕಿದರೆ ಭಾರ ಬಿದ್ದಾಗ ಬಿಗಿದುಕೊಳ್ಳುತ್ತದೆ.

ಹಗ್ಗ ಕೈ ತೆಗೆಯುವ ಸಂದರ್ಭಗಳು

ಗಂಟು ಸರಿಯಿದ್ದರೂ ನಿಂತ ಜಾಗ ತಪ್ಪಾದರೆ ಅಪಾಯ. ಬಿಗಿದ ನೈಲಾನ್ ಹಗ್ಗ ತುಂಡಾದರೆ ಚಾಟಿಯ ಹಾಗೆ ಹಿಂದಕ್ಕೆ ಬಡಿಯುತ್ತದೆ. ಅದರ ನೇರದಲ್ಲಿ ಯಾರೂ ನಿಲ್ಲಬಾರದು. ನೆಲದ ಮೇಲೆ ಸುತ್ತಿಟ್ಟ ಹಗ್ಗದ ನಡುವೆ ಕಾಲಿಡಬಾರದು. ಲಂಗರು ಇಳಿಯುವಾಗ ಅದೇ ಸುತ್ತು ಕಾಲು ಹಿಡಿದು ಎಳೆಯುತ್ತದೆ. ಹಿಡಿತ ಸಿಗಲಿ ಅಂತ ಹಗ್ಗವನ್ನು ಅಂಗೈಗೆ ಸುತ್ತಿಕೊಳ್ಳುವ ಅಭ್ಯಾಸದಿಂದ ಬೆರಳು ಹೋಗುತ್ತದೆ. ಬಿಸಿಲಿಗೆ ಬಿಳಿಚಿದ, ಉಜ್ಜಿ ನೂಲು ಎದ್ದ ಹಗ್ಗವನ್ನು ‘ಇನ್ನೊಂದು ಸೀಸನ್ ಬರ್ತದೆ’ ಅಂತ ಇಟ್ಟುಕೊಳ್ಳಬಾರದು. ಹಗ್ಗದ ದುಡ್ಡು ಉಳಿಸಿ ದೋಣಿ ಕಳೆದುಕೊಂಡರೆ ಏನು ಲಾಭ?

‘ಒಂದು ಕೈ ಹಡಗಿಗೆ, ಒಂದು ಕೈ ನಿನಗೆ’ ಎಂಬುದು ನಾವಿಕರ ಹಳೆಯ ಮಾತು. ಕೆಲಸ ಎಷ್ಟೇ ತುರ್ತಿದ್ದರೂ ಒಂದು ಕೈ ಯಾವುದನ್ನಾದರೂ ಹಿಡಿದಿರಬೇಕು. ಲೈಫ್ ಜಾಕೆಟ್ ಮೂಲೆಯಲ್ಲಿ ಇಟ್ಟರೆ ಪ್ರಯೋಜನ ಇಲ್ಲ, ಮೈಮೇಲೆ ಇರಬೇಕು. ಕಡಲಿನಲ್ಲಿ ಅಪಾಯ ಬಂದರೆ ಕೋಸ್ಟ್ ಗಾರ್ಡ್ ಸಹಾಯವಾಣಿ 1554, ಕರಾವಳಿ ಕಾವಲು ಪೊಲೀಸ್ ಸಹಾಯವಾಣಿ 1093.

ಈಗಿನ ಕಾಲದ ದೂರಯಾನ

ಹಾಯಿ ಮುಗಿದ ಕಥೆಯಲ್ಲ. ನೌಕಾಪಡೆಯ ದಿಲೀಪ್ ದೋಂಡೆ 2009ರ ಆಗಸ್ಟ್‌ನಲ್ಲಿ ಮುಂಬೈಯಿಂದ ಹೊರಟು 2010ರ ಮೇ ತಿಂಗಳಲ್ಲಿ ಭೂಮಿ ಸುತ್ತಿ ಬಂದರು. ಒಬ್ಬಂಟಿಯಾಗಿ ಹಾಯಿಯಲ್ಲಿ ಭೂಮಿ ಸುತ್ತಿದ ಮೊದಲ ಭಾರತೀಯ ಅವರು. ಅವರ ದೋಣಿ ‘ಮ್ಹಾದೆಯಿ’ ಗೋವಾದಲ್ಲಿ ಕಟ್ಟಿದ್ದು. ಅದೇ ದೋಣಿಯಲ್ಲಿ ಕೇರಳದ ಅಭಿಲಾಷ್ ಟೋಮಿ 2012ರ ನವೆಂಬರ್ 1ರಂದು ಹೊರಟು, ಎಲ್ಲೂ ನಿಲ್ಲದೆ 150 ದಿನ ದಾಟಿ 2013ರಲ್ಲಿ ಮರಳಿದರು. 2018ರ ಗೋಲ್ಡನ್ ಗ್ಲೋಬ್ ಸ್ಪರ್ಧೆಯಲ್ಲಿ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗೆ ಅವರ ದೋಣಿಯ ಕೂವೆಮರ ಮುರಿಯಿತು, ಬೆನ್ನುಮೂಳೆಗೆ ಪೆಟ್ಟಾಯಿತು. ಫ್ರೆಂಚ್ ಹಡಗು ‘ಒಸಿರಿಸ್’ ಬಂದು ಎತ್ತಿಕೊಂಡಿತು. ಅದೇ ಮನುಷ್ಯ 2022ರಲ್ಲಿ ಮತ್ತೆ ಆ ಸ್ಪರ್ಧೆಗೆ ಇಳಿದು 2023ರ ಏಪ್ರಿಲ್‌ನಲ್ಲಿ ಎರಡನೇ ಸ್ಥಾನ ಪಡೆದರು. ಜಿಪಿಎಸ್ ಬಳಸುವ ಹಾಗಿಲ್ಲದ ಸ್ಪರ್ಧೆ ಅದು. ನಕ್ಷತ್ರ, ಸೂರ್ಯ, ಕಾಗದದ ನಕ್ಷೆ ಮಾತ್ರ.

2017–18ರಲ್ಲಿ ಆರು ಮಂದಿ ಮಹಿಳಾ ನೌಕಾಧಿಕಾರಿಗಳು ‘ತಾರಿಣಿ’ಯಲ್ಲಿ 254 ದಿನಗಳಲ್ಲಿ ಭೂಮಿ ಸುತ್ತಿದರು. 2024ರ ಅಕ್ಟೋಬರ್‌ನಲ್ಲಿ ಅದೇ ದೋಣಿಯಲ್ಲಿ ಹೊರಟ ದಿಲ್ನಾ ಕೆ. ಮತ್ತು ರೂಪಾ ಎ. 2025ರ ಮೇ ಕೊನೆಗೆ ಗೋವಾಕ್ಕೆ ಮರಳಿದರು. ಇಬ್ಬರೇ ಇದ್ದಾಗ ಒಬ್ಬರು ಮಲಗಿದರೆ ಇನ್ನೊಬ್ಬರೇ ನಾಖುದಾ, ಸಾರಂಗ, ಖಲಾಸಿ ಎಲ್ಲ.

ಹೊಲಿದ ಹಡಗಿನ ವಿದ್ಯೆಯೂ ಮರಳಿ ಬಂದಿದೆ. ಅಜಂತಾದ ಚಿತ್ರ ನೋಡಿ ಕಟ್ಟಿದ ‘ಕೌಂಡಿನ್ಯ’ ಹಡಗಿನ ಹಲಗೆಗಳನ್ನು ತೆಂಗಿನ ನಾರಿನಿಂದ ಹೊಲಿದವರು ಬಾಬು ಶಂಕರನ್ ನೇತೃತ್ವದ ಕೇರಳದ ಕುಶಲಕರ್ಮಿಗಳು. 2025ರ ಮೇ 21ರಂದು ನಮ್ಮದೇ ಕಾರವಾರದಲ್ಲಿ ಅದು ನೌಕಾಪಡೆಗೆ ಸೇರಿತು. ಅದೇ ವರ್ಷದ ಡಿಸೆಂಬರ್ ಕೊನೆಗೆ ಪೋರಬಂದರಿನಿಂದ ಮಸ್ಕತ್ ಕಡೆಗೆ ಹಾಯಿ ಬಿಚ್ಚಿತು. ನಮ್ಮ ಕರಾವಳಿಯವರು ಹಿಂದೆ ಓಡಾಡಿದ ಹಾದಿ ಅದು.

ಕಡಲಿಲ್ಲದ ಊರಿನಲ್ಲೂ ಬೇಕು

ಗಂಟು ನಾವಿಕರಿಗೆ ಮಾತ್ರ ಅಂತ ತಿಳಿಯಬೇಕಾಗಿಲ್ಲ. ತಮಿಳುನಾಡಿನ ತೇನಿ, ದಿಂಡಿಗಲ್ ಕಡೆ ಕಡಲಿಲ್ಲ, ಘಟ್ಟದ ಬುಡದ ಊರುಗಳು. ಅಲ್ಲಿನ ಕಂಬಂ ಕಣಿವೆಯಲ್ಲಿ ಮನೆಮಾತು ಕನ್ನಡವಾದ ಕಪ್ಪಿಲಿಯರ್ ಕುಟುಂಬಗಳು ತಲೆಮಾರುಗಳಿಂದ ಇವೆ. ದ್ರಾಕ್ಷಿ ಚಪ್ಪರ, ಬಾಳೆ ತೋಟ, ದನಕರು ಅಲ್ಲಿನ ಬದುಕು. ಚಪ್ಪರದ ಕಂಬಕ್ಕೆ ಹಗ್ಗ ಬಿಗಿಯಲು ಕ್ಲೋವ್ ಹಿಚ್, ಬಾಳೆಗೊನೆ ತುಂಬಿದ ಲಾರಿಗೆ ಹಗ್ಗ ಬಿಗಿಯಲು ಕುಣಿಕೆಯನ್ನೇ ರಾಟೆ ಮಾಡಿಕೊಳ್ಳುವ ಲಾರಿ ಗಂಟು, ದನದ ಕೊರಳಿಗೆ ಜೀರದ ಕುಣಿಕೆ ಬೇಕು. ಕೊರಳಿಗೆ ಜೀರುಗುಣಿಕೆ ಹಾಕಿ ಕಟ್ಟಿದ ದನ ಹೆದರಿ ಎಳೆದರೆ ಉರುಳು ಬಿಗಿದು ಸಾಯುತ್ತದೆ. ಕಡಲಿನಲ್ಲಿ ಮನುಷ್ಯನಿಗೆ ಹೇಳಿದ ಮಾತೇ ಇಲ್ಲಿ ದನಕ್ಕೂ.

ನಮ್ಮಲ್ಲೂ ಹಾಗೆಯೇ. 2019ರ ಆಗಸ್ಟ್‌ನಲ್ಲಿ ನೇತ್ರಾವತಿ ಉಕ್ಕಿ ಬಂಟ್ವಾಳ, ಬೆಳ್ತಂಗಡಿ ಕಡೆ ನೀರು ನುಗ್ಗಿದ ಹಾಗೆ ನೆರೆ ಬಂದಾಗ ಮೊದಲು ಓಡಿ ಬರುವುದು ಊರಿನ ಹುಡುಗರೇ. ಧೈರ್ಯ ಇರುತ್ತದೆ, ಹಗ್ಗವೂ ಸಿಗುತ್ತದೆ, ಗಂಟು ಗೊತ್ತಿರುವುದಿಲ್ಲ. ಕಾಪಾಡಲು ಹೋದವನ ಸೊಂಟದ ಗಂಟು ಜಾರಿದರೆ ಹುಡುಕಬೇಕಾದವರು ಇಬ್ಬರಾಗುತ್ತಾರೆ.

ಕಲಿಯುವುದು ಹೇಗೆ

ಮರ್ಚೆಂಟ್ ನೇವಿಯ ಜಿ.ಪಿ. ರೇಟಿಂಗ್ ತರಬೇತಿಯಲ್ಲಿ ಹಗ್ಗದ ಕೆಲಸವೂ ಒಂದು ಪಾಠ. ಆ ದಾರಿ ಹಿಡಿಯುವ ಯುವಕರು ಮೊದಲು ಸಂಸ್ಥೆಗೆ ಶಿಪ್ಪಿಂಗ್ ಮಹಾನಿರ್ದೇಶನಾಲಯದ ಮಾನ್ಯತೆ ಇದೆಯೇ, ಕೆಲಸ ಕೊಡಿಸುವ ಏಜೆಂಟರಿಗೆ ಆರ್.ಪಿ.ಎಸ್.ಎಲ್. ಪರವಾನಗಿ ಇದೆಯೇ ಅಂತ ನೋಡಿ ಆಮೇಲೆ ಹಣದ ಮಾತಾಡಬೇಕು. ಶಾಲೆ-ಕಾಲೇಜಿನವರಿಗೆ ಸ್ಕೌಟ್ಸ್-ಗೈಡ್ಸ್, ನೌಕಾ ಎನ್‌ಸಿಸಿ ಇವೆ.

ಇದಕ್ಕೆಲ್ಲ ಕಾಯಬೇಕಾಗಿಯೂ ಇಲ್ಲ. ಬೆರಳು ದಪ್ಪದ ಎರಡು ಮೀಟರ್ ಹಗ್ಗ ಸಾಕು. ವಾರಕ್ಕೆ ಒಂದು ಗಂಟು. ಮೊದಲು ನೋಡಿಕೊಂಡು, ಆಮೇಲೆ ಕಣ್ಣು ಮುಚ್ಚಿ, ಆಮೇಲೆ ಬೆನ್ನ ಹಿಂದೆ, ಕೊನೆಗೆ ಕೈ ಒದ್ದೆ ಮಾಡಿಕೊಂಡು. ಎರಡು ತಿಂಗಳಿನಲ್ಲಿ ಎಂಟೂ ಬರ್ತದೆ. ಮೊಬೈಲ್ ವೀಡಿಯೊ ಸಹಾಯ ಮಾಡುತ್ತದೆ, ಆದರೆ ಹಾಕಿದ ಗಂಟನ್ನು ಎಳೆದು ನೋಡಿ ‘ಇದು ಜಾರುತ್ತದೆ’ ಅಂತ ಹೇಳಲು ಒಬ್ಬ ಮನುಷ್ಯ ಬೇಕು. ಬಂದರು, ಉಳ್ಳಾಲ, ಬೆಂಗ್ರೆಯಂಥ ಕಡೆ ಮಂಜಿಯಲ್ಲೋ ದೋಣಿಯಲ್ಲೋ ದುಡಿದು ಈಗ ಮನೆಯಲ್ಲಿ ಕೂತ ಹಿರಿಯರಿದ್ದಾರೆ. ಅವರ ಮುಂದೆ ಒಂದು ತುಂಡು ಹಗ್ಗ ಇಟ್ಟು ಕೇಳಿದರೆ ಸಾಕು, ಮರೆತಿದೆ ಅಂತ ಬಾಯಿ ಹೇಳಿದರೂ ಕೈ ಮರೆತಿರುವುದಿಲ್ಲ. ಆ ಕೈಗಳು ಇರುವಾಗಲೇ ಕಲಿತುಕೊಳ್ಳಬೇಕು.